1940ರ ಸೆಪ್ಟೆಂಬರ್ 7: ಬ್ರಿಟನ್ನಿನ ಗುಪ್ತಚರರ ಅಂದಾಜು ತಪ್ಪಾಗಿತ್ತೇ?

ಪ್ರಶ್ನೆ:
1940ರ ಸೆಪ್ಟೆಂಬರ್ 7ರ ರಾತ್ರಿ ಬ್ರಿಟನ್ನಿನ ಸೇನಾ ಕೇಂದ್ರವು ಜರ್ಮನ್ ದಾಳಿಯ ಎಚ್ಚರಿಕೆಯಾಗಿ ‘ಕ್ರಾಮ್‌ವೆಲ್’ ಎಂಬ ಸಂಕೇತಪದವನ್ನು ಹೊರಡಿಸಿತು. ಕೆಲವು ಊರುಗಳಲ್ಲಿ, ಶತ್ರು ಬಂದಿಳಿದನೆಂದು ಸಾರುವ ಚರ್ಚಿನ ಗಂಟೆಗಳೂ ಮೊಳಗಿದವು. ಆದರೆ ಜರ್ಮನ್ನರು ಕಡಲು ದಾಟಿ ಬರಲೇ ಇಲ್ಲ. ಹಾಗಾದರೆ ದಾಳಿ ಬರಲಿದೆಯೆಂಬ ಗುಪ್ತಚರರ ಅಂದಾಜು ಪೂರ್ತಿ ಹುಸಿಯಾಯಿತೆಂದು ತಿಳಿಯಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಹಾಗೆನ್ನಲಾಗದು. ಅಂದು ಸಂಜೆ ಮೂರೂ ಸೇನೆಗಳ ಮುಖ್ಯಸ್ಥರ ಮುಂದಿದ್ದುದನ್ನು ನೋಡಿ. ಬೆಲ್ಜಿಯಂನ ಆಸ್ಟೆಂಡ್ ಬಂದರಿನ ವೈಮಾನಿಕ ಚಿತ್ರಗಳಲ್ಲಿ ಆಗಸ್ಟ್ 31ರಂದು 18 ಬಾರ್ಜ್‌ಗಳು (ಸರಕು ದೋಣಿಗಳು) ಕಂಡಿದ್ದವು. ಒಂದೇ ವಾರದಲ್ಲಿ ಆ ಸಂಖ್ಯೆ ಇನ್ನೂರು ದಾಟಿತ್ತು. ಇಂಗ್ಲೆಂಡಿನ ಕೆಂಟ್ ತೀರದಲ್ಲಿ ದೋಣಿಯಿಂದಿಳಿದು ಸಿಕ್ಕಿಬಿದ್ದ ಜರ್ಮನಿಯ ನಾಲ್ವರು ಗೂಢಚಾರರು, ಬ್ರಿಟಿಷ್ ಮೀಸಲು ಪಡೆಗಳ ಚಲನವಲನವನ್ನು ವರದಿ ಮಾಡಲು ಬಂದವರೆಂದು ಒಪ್ಪಿಕೊಂಡಿದ್ದರು. ಸಾಲದ್ದಕ್ಕೆ, ಸೆಪ್ಟೆಂಬರ್ 8ರಿಂದ 10ರವರೆಗೆ ಚಂದ್ರನ ಬೆಳಕೂ ಉಬ್ಬರವಿಳಿತವೂ ದಾಳಿಗೆ ಅನುಕೂಲವಾಗಿದ್ದವು. ಇಷ್ಟಿದ್ದೂ ಎಚ್ಚರಿಕೆ ಕೊಡದಿದ್ದರೆ ಅದೇ ಅಪರಾಧವಾಗುತ್ತಿತ್ತು.

ಉತ್ತರ 2:
ಮೇಲಿನವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬಾರ್ಜ್‌ಗಳನ್ನು ಎಣಿಸಬಹುದು, ಹಿಟ್ಲರನ ನಿರ್ಧಾರವನ್ನು ಎಣಿಸಲಾಗದು. ಅವು ರೈನ್ ನದಿಯಲ್ಲಿ ಸರಕು ಸಾಗಿಸುತ್ತಿದ್ದ ಚಪ್ಪಟೆ ತಳದ ದೋಣಿಗಳು. ಎಷ್ಟೋ ದೋಣಿಗಳಿಗೆ ಎಂಜಿನ್ನೇ ಇರಲಿಲ್ಲ, ಬೇರೆ ಹಡಗು ಎಳೆಯಬೇಕಿತ್ತು. ಆಕಾಶದಲ್ಲಿ ಮೇಲುಗೈ ಸಿಗದೆ ಅಂಥವನ್ನು ಬ್ರಿಟಿಷ್ ನೌಕಾಪಡೆಯ ಎದುರಿಗೆ ಬಿಡುವುದು ಆತ್ಮಹತ್ಯೆಯೇ ಸರಿ. ಅದೇ ದಿನ ಜರ್ಮನ್ ವಿಮಾನಗಳು ಬ್ರಿಟನ್ನಿನ ಯುದ್ಧವಿಮಾನ ನಿಲ್ದಾಣಗಳನ್ನು ಬಿಟ್ಟು ಲಂಡನ್ನಿನ ಮೇಲೆ ಎರಗಿದವು. ಅದನ್ನು ದಾಳಿಯ ಮುನ್ಸೂಚನೆಯೆಂದು ಓದಿದವರಿಗೆ, ಆ ನಿಲ್ದಾಣಗಳಿಗೆ ಉಸಿರಾಡಲು ಬಿಡುವು ಸಿಕ್ಕಿತೆಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಅವರು ಎಡವಿದ್ದು ಇಲ್ಲಿಯೇ ಎಂದು ನನ್ನ ಭಾವನೆ. ಹಾಗೆಂದು ಬಾರ್ಜ್‌ಗಳು ಬರೀ ಬೆದರುಬೊಂಬೆಯಾಗಿರಲಿಲ್ಲ. ಒಳನಾಡಿನ ಸಾಗಾಣಿಕೆಗೆ ಪೆಟ್ಟು ಬಿದ್ದರೂ ಸರಿಯೆಂದು ಜರ್ಮನಿ ಅವನ್ನು ತಂದಿತ್ತು.

ಉತ್ತರ 3:
ಇಬ್ಬರೂ ಬಿಟ್ಟಿರುವ ಅಂಶವೊಂದಿದೆ. ‘ಕ್ರಾಮ್‌ವೆಲ್’ ಎಂದರೆ ಶತ್ರು ಬಂದಿಳಿದನೆಂದಲ್ಲ, ದಾಳಿ ಸನ್ನಿಹಿತವಾಗಿದೆ, ಸೈನಿಕರು ತಮ್ಮ ತಮ್ಮ ನೆಲೆಗಳಿಗೆ ಸರಿಯಬೇಕು ಎಂದಷ್ಟೇ. ಗಂಟೆ ಬಾರಿಸಿದ್ದು ಹೋಮ್ ಗಾರ್ಡ್ ಎಂಬ ಸ್ಥಳೀಯ ಸ್ವಯಂಸೇವಕ ಪಡೆಯ ಕೆಲವು ಅಧಿಕಾರಿಗಳು ಅದನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದರಿಂದ. ಆ ಗದ್ದಲವನ್ನು ಗುಪ್ತಚರರ ಲೆಕ್ಕಕ್ಕೆ ಹಚ್ಚುವುದು ನ್ಯಾಯವಲ್ಲ. ಹಿಟ್ಲರ್ ದಾಳಿಯನ್ನು ಅನಿರ್ದಿಷ್ಟವಾಗಿ ಮುಂದೂಡಿದ್ದು ಸೆಪ್ಟೆಂಬರ್ 17ರಂದು, ಅಂದರೆ ಎಚ್ಚರಿಕೆ ಹೊರಟ ಹತ್ತು ದಿನಗಳ ನಂತರ. ಗಂಟೆಯ ವಿಷಯದಲ್ಲಿ ಸೇನೆ ಆಮೇಲೆ ಹೊಸ ಆಜ್ಞೆ ಹೊರಡಿಸಿತು: ಕನಿಷ್ಠ 25 ಪ್ಯಾರಾಚೂಟ್ ಸೈನಿಕರು ಇಳಿಯುವುದನ್ನು ಸ್ವತಃ ಕಂಡ ಹೋಮ್ ಗಾರ್ಡ್ ಹೇಳಿದರೆ ಮಾತ್ರ ಬಾರಿಸಬೇಕು, ಪಕ್ಕದೂರಿನ ಗಂಟೆ ಕೇಳಿಸಿತೆಂದು ಬಾರಿಸಕೂಡದು.