22ನೇ ವಾರ: ಎಷ್ಟು ನಡೆಯಬೇಕು, ಅಂಗಾತ ಮಲಗಿ ಮಾಡುವ ಆಸನ ಬಿಡಬೇಕಾ?

ಸಂಪಿಗೆ:
ಮೊದಲ ಬಸಿರು, 22ನೇ ವಾರ. ಹಿಮೋಗ್ಲೋಬಿನ್ 10.8. ವಾಕಿಂಗ್, ಯೋಗ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ, ಎಷ್ಟು ಅಂತ ಹೇಳಲಿಲ್ಲ. ದಿನಕ್ಕೆ ಎಷ್ಟು ಹೊತ್ತು ನಡೆಯಲಿ? ಅಂಗಾತ ಮಲಗಿ ಸೊಂಟ ಮೇಲೆತ್ತುವ ಸೇತುಬಂಧಾಸನ ಮುಂದುವರಿಸಬಹುದಾ? ನೆಲ ಒರೆಸಿದರೆ ಹೆರಿಗೆ ಸಲೀಸು ಅಂತಾರಲ್ಲ, ನಿಜವಾ?

ಫಿಸಿಯೋ_ಹಾಸನ:
ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ದಿನಕ್ಕೆ 30 ನಿಮಿಷದಂತೆ 5 ದಿನ. ಅಭ್ಯಾಸ ಇಲ್ಲದಿದ್ದರೆ 10 ನಿಮಿಷದಿಂದ ಶುರು ಮಾಡಿ. ಬೆಳಗ್ಗೆ 15, ಸಂಜೆ 15 ಆದರೂ ಲೆಕ್ಕ ಅಷ್ಟೇ. ಕೈಗಡಿಯಾರದ ಹೃದಯಬಡಿತ ನೋಡಬೇಡಿ, ಬಸಿರಲ್ಲಿ ಸುಮ್ಮನೆ ಕೂತಾಗಲೂ ನಾಡಿ ಜಾಸ್ತಿಯೇ ಇರುತ್ತದೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದೇ ಸರಿಯಾದ ವೇಗ.

ಸೇತುಬಂಧಾಸನ ಈಗ ಬಿಡಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನುಮೂಳೆಯ ಬಲಕ್ಕಿರುವ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಕಾಲಿನಿಂದ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆವರುತ್ತದೆ. ಹಾಗಾದ ಕೂಡಲೇ ಎಡಮಗ್ಗುಲಿಗೆ ಹೊರಳಿ. ಬದಲಿಗೆ ಮಾರ್ಜಾಲಾಸನ ಮಾಡಿ: ಅಂಗೈ, ಮಂಡಿ ಊರಿ, ಉಸಿರು ಬಿಡುತ್ತಾ ಬೆನ್ನನ್ನು ಮೇಲಕ್ಕೆ ಬಾಗಿಸಿ, ಉಸಿರು ತೆಗೆದುಕೊಳ್ಳುತ್ತಾ ನೇರಕ್ಕೆ ತನ್ನಿ. 8ರಿಂದ 10 ಸಲ ಸಾಕು. ನೇರಕ್ಕಿಂತ ಕೆಳಗೆ ಸೊಂಟ ಜೋತುಬಿಡಬೇಡಿ. ರಭಸವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ ಯಾವುದೂ ಬೇಡ.

ಹಾಸಿಗೆಯಿಂದ ನೆಟ್ಟಗೆ ಎದ್ದು ಕೂರುವುದೂ ತಪ್ಪು. ಆಗ ಹೊಟ್ಟೆಯ ನಡುಗೆರೆ ದೋಣಿಯ ತಳದ ಹಾಗೆ ಉಬ್ಬುತ್ತದೆ, ಅಂದರೆ ಅಲ್ಲಿ ಸ್ನಾಯುಗಳ ಮೇಲೆ ಎಳೆತ ಬೀಳುತ್ತಿದೆ. ಮಗ್ಗುಲಾಗಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳಿ.

ತುಂಬೆಹೂ:
ಒಂದು ಮಾತು ಮೊದಲೇ ಕೇಳಿಕೊಳ್ಳಿ: ಸ್ಕ್ಯಾನಿನಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಎಲ್ಲಿದೆ? ಕೆಳಗಿದೆ ಅಂತ ಬರೆದಿದ್ದರೆ ಡಾಕ್ಟರನ್ನು ಕೇಳದೆ ಏನೂ ಶುರು ಮಾಡಬೇಡಿ. ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದವರು, ಬಿಪಿ ಏರಿದವರಿಗೂ ಇದೇ ಮಾತು. ನಮ್ಮ ದೇಶದಲ್ಲಿ ಬಸಿರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆ ಅಂತ ಲೆಕ್ಕ. 10.8ಕ್ಕೆ ನಡಿಗೆ ನಿಲ್ಲಿಸಬೇಕಿಲ್ಲ, ಆದರೆ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ಅದರ ಜೊತೆ ಕಾಫಿ, ಟೀ ಕುಡಿಯಬೇಡಿ.

ನೆಲ ಒರೆಸುವುದೂ ಮೈಗೆ ಕೆಲಸವೇ. ಆದರೆ ಅದರಿಂದ ಹೆರಿಗೆ ಸುಲಭವಾಗುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಒದ್ದೆ ನೆಲದಲ್ಲಿ ಜಾರುವ ಭಯ ಮಾತ್ರ ನಿಜ. ಹೊಟ್ಟೆ ಮುಂದೆ ಬಂದಂತೆ ಸಮತೋಲ ತಪ್ಪುತ್ತದೆ. ಅದಕ್ಕಿಂತ ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ ಕೊಡಿ: ಮೂತ್ರವನ್ನೂ ಗ್ಯಾಸನ್ನೂ ಒಟ್ಟಿಗೆ ತಡೆಯುವ ಹಾಗೆ ಬಿಗಿಹಿಡಿದು 5 ಸೆಕೆಂಡ್, ಪೂರ್ತಿ ಸಡಿಲಬಿಟ್ಟು 5 ಸೆಕೆಂಡ್. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಪೃಷ್ಠ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ಇದನ್ನು ಮಾಡಬೇಡಿ, ಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಸಂಪಿಗೆ:
ಧನ್ಯವಾದ ಇಬ್ಬರಿಗೂ. ಮಗ್ಗುಲು ಬದಲಿಸುವಾಗ ಕೆಳಹೊಟ್ಟೆಯ ತಳದಲ್ಲಿ ಮುಂಭಾಗದ ಮೂಳೆಯ ಹತ್ತಿರ ಚುಚ್ಚುತ್ತದೆ. ನಡೆಯಬಹುದಾ?

ಫಿಸಿಯೋ_ಹಾಸನ:
ಸೊಂಟದ ಕೀಲು ಸಡಿಲವಾದಾಗ ಹೀಗಾಗುತ್ತದೆ. ಚಿಕ್ಕ ಹೆಜ್ಜೆ ಹಾಕಿ, 10 ನಿಮಿಷಕ್ಕಿಳಿಸಿ. ಕುಕ್ಕರಗಾಲು, ಕಾಲಗಲಿಸುವ ಆಸನ, ಒಂಟಿಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳುವುದು ಬಿಡಿ. ಹೊರಳುವಾಗ ಎರಡೂ ಮಂಡಿ ಜೋಡಿಸಿ ಒಟ್ಟಿಗೆ ತಿರುಗಿಸಿ, ಮಲಗುವಾಗ ಮಂಡಿಗಳ ನಡುವೆ ದಿಂಬಿರಲಿ. ಹೆಜ್ಜೆ ಇಡಲಾಗದಷ್ಟು ನೋವಾದರೆ ತೋರಿಸಿ. ರಕ್ತ ಕಂಡರೆ, ನೀರು ಸೋರಿದರೆ, ಎದೆನೋವು ಬಂದರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.