ಗೋಪ್ಯವೋ ಗೌಪ್ಯವೋ?

ಪ್ರಶ್ನೆ: ಕಚೇರಿ ಕಡತಗಳಲ್ಲಿ 'ಗೋಪ್ಯ', 'ಗೌಪ್ಯ' ಎರಡೂ ಕಾಣುತ್ತವೆ. 'ಅಧಿಕಾರ ಮತ್ತು ಗೌಪ್ಯತೆಯ ಪ್ರಮಾಣವಚನ' ಎಂದು ಪತ್ರಿಕೆಗಳಲ್ಲೂ ಬರುತ್ತದೆ. ಕರಡು ತಿದ್ದುವಾಗ ಯಾವುದನ್ನು ಉಳಿಸಬೇಕು? ಗುಪ್ತ, ರಹಸ್ಯ, ಗುಟ್ಟು ಇವುಗಳ ಜಾಗದಲ್ಲೂ ಇದನ್ನೇ ಹಾಕಬಹುದೇ?

ಉತ್ತರ 1: ಗೋಪ್ಯವನ್ನೇ ಉಳಿಸಿ. ಧಾತು 'ಗುಪ್', ಅಂದರೆ ಕಾಪಾಡು, ಮರೆಮಾಡು. 'ಯ' ಪ್ರತ್ಯಯ ಸೇರಿದಾಗ ಉಕಾರಕ್ಕೆ 'ಗುಣ' ಎಂಬ ಸ್ವರ ಬದಲಾವಣೆ ಬಂದು ಓಕಾರವಾಗುತ್ತದೆ: ಯುಜ್–ಯೋಗ್ಯ, ಭುಜ್–ಭೋಜ್ಯ, ಗುಪ್–ಗೋಪ್ಯ. ಅರ್ಥ 'ಮುಚ್ಚಿಡತಕ್ಕದ್ದು'. ಯೋಗ್ಯತೆಯ ಹಾಗೆಯೇ ಗೋಪ್ಯತೆ. 'ಯೌಗ್ಯತೆ' ಎಂದು ಯಾರೂ ಬರೆಯುವುದಿಲ್ಲವಲ್ಲ! ಸುಂದರ–ಸೌಂದರ್ಯದಲ್ಲಿ ಔಕಾರ ಬರುವುದು ಭಾವನಾಮ ಮಾಡಲಿಕ್ಕೆ. ಆಮೇಲೆ 'ತೆ' ಬೇಕಾಗುವುದಿಲ್ಲ. ಗೌಪ್ಯತೆಯಲ್ಲಿ ಎರಡೂ ಕಲಸಿಹೋಗಿವೆ. ಪ್ರಾವೀಣ್ಯತೆ, ಪ್ರಾಮುಖ್ಯತೆಗಳ ತೊಡಕೂ ಇದೇ.

ಉತ್ತರ 2: ವ್ಯಾಕರಣ ಒಪ್ಪಿದೆ. ಆದರೆ ಗೌಪ್ಯ ಬಳಕೆಯಲ್ಲಿ ಬೇರೂರಿದೆ, ಓದುಗರಿಗೆ ಅರ್ಥವೂ ಕೆಡುವುದಿಲ್ಲ. ಒಂದೇ ಕಡತದಲ್ಲಿ ಎರಡು ರೂಪ ಇರುವುದು ಅದಕ್ಕಿಂತ ಕೆಟ್ಟದ್ದು.

ಉಳಿದ ಪದಗಳನ್ನು ಅದಲುಬದಲು ಮಾಡಬೇಡಿ. ಗುಪ್ತ ಎಂದರೆ ಆಗಲೇ ಮರೆಯಾಗಿರುವುದು: ಗುಪ್ತಗಾಮಿನಿ, ಗುಪ್ತಚರ. ಗೋಪ್ಯ ಎಂದರೆ ಮರೆಯಲ್ಲಿ ಇಡಬೇಕಾದದ್ದು. ಹಾಗಾಗಿ 'ಗೋಪ್ಯ ವರದಿ ಸೋರಿಕೆ' ಸರಿಹೊಂದುತ್ತದೆ: ಸೋರಿದರೂ ಅದು ಮುಚ್ಚಿಡಬೇಕಿದ್ದ ವರದಿಯೇ. ಕ್ರಿಯಾಪದಗಳೂ ಬೇರೆ. ರಹಸ್ಯವನ್ನು ಭೇದಿಸುತ್ತೇವೆ, ಗುಟ್ಟು ರಟ್ಟಾಗುತ್ತದೆ, ಗೋಪ್ಯತೆಯನ್ನು ಕಾಪಾಡುತ್ತೇವೆ. 'ಗೋಪ್ಯ ರಟ್ಟಾಯಿತು' ಎಂದರೆ ಕಿವಿಗೆ ಒಗ್ಗುವುದಿಲ್ಲ.

ಉತ್ತರ 3: ನಿಜವಾದ ಎಡವಟ್ಟು ಆ್ಯಪ್‌ಗಳ 'ಗೌಪ್ಯತಾ ನೀತಿ'ಯಲ್ಲಿದೆ. ಗೋಪ್ಯತೆ ವಿಷಯ ತಿಳಿದವರ ಹೊಣೆ. ಖಾಸಗಿತನ ಆ ವಿಷಯ ಯಾರದೋ ಅವರ ಹಕ್ಕು. ಸಂವಿಧಾನದ ಮೂರನೇ ಅನುಸೂಚಿಯಂತೆ ಮಂತ್ರಿಗಳು ಗೋಪ್ಯತೆಯ ಪ್ರಮಾಣ ಮಾಡುತ್ತಾರೆ, ಏಕೆಂದರೆ ಸರ್ಕಾರದ ಕಡತ ಅವರ ಕೈಗೆ ಬರುತ್ತದೆ. ಬರೀ ಶಾಸಕರಾದವರಿಗೆ ಆ ಪ್ರಮಾಣವಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಮೂಲಭೂತ ಹಕ್ಕೆಂದು ಎತ್ತಿಹಿಡಿದದ್ದು ಖಾಸಗಿತನವನ್ನು. ಅಲ್ಲಿ ಗೋಪ್ಯತೆ ಎಂದು ಬರೆದರೆ, ಹಕ್ಕು ಕೇಳುವವರೆಲ್ಲ ಏನನ್ನೋ ಬಚ್ಚಿಡುತ್ತಿದ್ದಾರೆ ಎಂಬ ಧ್ವನಿ ಬರುತ್ತದೆ.

ತಿದ್ದುವಾಗ 'ಗೌಪ್ಯ' ಹುಡುಕಿ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಒಂದೊಂದನ್ನೂ ಓದಿ, ಎಲ್ಲಿ ಖಾಸಗಿತನ ಬೇಕೋ ಅಲ್ಲಿ ಅದನ್ನೇ ಹಾಕಿ. ಉದ್ಧರಣೆ ಮತ್ತು ಆದೇಶಗಳ ಶೀರ್ಷಿಕೆ ಮೂಲದಲ್ಲಿ ಇದ್ದಂತೆಯೇ ಇರಲಿ. ಸಮಾಸದಲ್ಲೂ ಒಂದು ಎಚ್ಚರ: 'ಗೋಪ್ಯತಾ ಪ್ರಮಾಣ' ಸರಿ, 'ಗೋಪ್ಯತಾ ಕಟ್ಟಳೆ' ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಒಗ್ಗದ ಸಮಾಸ. ಕನ್ನಡ ಪದದ ಜೊತೆ 'ಗೋಪ್ಯತೆಯ ಕಟ್ಟಳೆ' ಎನ್ನಿ.