ಹೆಪ್ಪುಗಟ್ಟುವುದು, ಹೆರೆಗಟ್ಟುವುದು: ನೀರಿಗೆ ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ನೀರು ಚಳಿಗೆ ಗಟ್ಟಿಯಾದರೆ ‘ಹೆಪ್ಪುಗಟ್ಟಿತು’ ಅನ್ನುತ್ತೇವೆ. ಚಳಿಗಾಲದಲ್ಲಿ ಪೇಪರ್ ತೆಗೆದರೆ ‘ದಾಲ್ ಸರೋವರ ಹೆಪ್ಪುಗಟ್ಟಿದೆ’ ಅಂತ ಇರುತ್ತದೆ. ಶಾಲೆಯಲ್ಲೂ ಅದೇ ಮಾತು. ಇಷ್ಟು ವರ್ಷ ನಾನೂ ಹಾಗೇ ಹೇಳಿಕೊಂಡು ಬಂದವಳು. ಈಗ ಅದು ಸರಿಯಲ್ಲ ಅನ್ನಿಸುತ್ತಿದೆ.

ನಾನಿರುವುದು ಶಿರಸಿಯಲ್ಲಿ, ತವರು ಕುಮಟಾ ಕಡೆ. ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದು ಏಳನೇ ತರಗತಿ ಓದುತ್ತಾನೆ. ಕಿರುಪರೀಕ್ಷೆಯಲ್ಲಿ ‘ಹೆಪ್ಪುಗಟ್ಟುವುದು ಯಾವ ಬಗೆಯ ಬದಲಾವಣೆ?’ ಅಂತ ಕೇಳಿದ್ದರು. ಇವನು ‘ರಾಸಾಯನಿಕ ಬದಲಾವಣೆ’ ಅಂತ ಬರೆದ. ಮೇಲೆ ಕೆಂಪು ಗೀಟು ಬಿತ್ತು, ಪಕ್ಕದಲ್ಲಿ ‘ಭೌತ’ ಅಂತ ತಿದ್ದಿದ್ದರು. ಮನೆಗೆ ಬಂದವನು ಚೀಲ ಇಳಿಸುವ ಮೊದಲೇ ಕೇಳಿದ: ‘ಚಿಕ್ಕಿ, ಹೆಪ್ಪು ಹಾಕಿದ ಹಾಲು ತಿರುಗಿ ಹಾಲು ಆಗ್ತದಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗುವುದಿಲ್ಲ ಅನ್ನುವುದು ಗೊತ್ತು. ಹಾಗಾದರೆ ಅವನು ಬರೆದದ್ದರಲ್ಲಿ ತಪ್ಪೆಲ್ಲಿದೆ? ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿ ನೀರು ಇತ್ತು. ಹುಡುಗನ ಮನಸ್ಸಿನಲ್ಲಿ ಹಾಲು ಇತ್ತು. ಅವನು ಹುಟ್ಟಿದಾಗಿನಿಂದ ಹೆಪ್ಪು ಅನ್ನುವ ಮಾತು ಕೇಳಿದ್ದೇ ಅಡುಗೆಮನೆಯಲ್ಲಿ. ಕನ್ನಡ ಬಲ್ಲ ಮಗು ಕನ್ನಡದಲ್ಲೇ ಯೋಚಿಸಿ ಬರೆದ ಉತ್ತರ ಅದು.

ಅದು ಜನವರಿ. ಇಲ್ಲಿ ಬೆಳಗ್ಗೆ ಒಳ್ಳೆ ಚಳಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಹಾಗಾಗಿ ಆ ದಿನಗಳಲ್ಲಿ ಶಿರಸಿಯ ಮನೆಗಳಲ್ಲಿ ಎಣ್ಣೆ ಬಾಟಲಿ ಬೆಳ್ಳಗೆ ಸೀಮೆಸುಣ್ಣದ ಹಾಗೆ ಕೂತಿರುತ್ತದೆ. ಕೆಳಗೆ ಕುಮಟಾದಲ್ಲಿ, ಕಾರವಾರದಲ್ಲಿ ಇದು ಕಡಿಮೆ. ಮರುದಿನ ಹುಡುಗ ಒಂದು ಬಟ್ಟಲಲ್ಲಿ ಆ ಗಟ್ಟಿ ಎಣ್ಣೆ, ಇನ್ನೊಂದರಲ್ಲಿ ರಾತ್ರಿ ಹೆಪ್ಪು ಹಾಕಿದ್ದ ಮೊಸರು ತೆಗೆದುಕೊಂಡ. ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಎದುರು ಕೂತ. ನಾನೂ ಕೂತೆ.

ಎಣ್ಣೆ ಮೊದಲು ಬಟ್ಟಲಿನ ಗೋಡೆ ಬಿಟ್ಟಿತು. ಸುತ್ತ ತಿಳಿಯಾದ ಒಂದು ಉಂಗುರ. ನಡುವಿನ ಬಿಳಿ ಗಡ್ಡೆ ದೋಣಿಯ ಹಾಗೆ ಅಲ್ಲಾಡಿತು, ಸಣ್ಣದಾಯಿತು, ಹೋಯಿತು. ಅದೇ ಎಣ್ಣೆ, ಅದೇ ವಾಸನೆ. ಮೊಸರು ಮೊದಲು ಸುಮ್ನೆ ಇತ್ತು. ನೀರನ್ನು ಇನ್ನೂ ಕಾಯಿಸಿದ ಮೇಲೆ ಅಂಚಿನಲ್ಲಿ ಬಿರುಕು ಬಿಟ್ಟಿತು. ಹಳದಿ-ಹಸಿರು ನೀರು ಬೇರೆ, ಗಂಟು ಬೇರೆ ಆಯಿತು. ಹಾಲಂತೂ ಆಗಲಿಲ್ಲ.

ಆಗ ನನಗೆ ಅಮ್ಮನ ಮಾತು ನೆನಪಾಯಿತು. ಅವಳು ಎಣ್ಣೆಗೆ, ತುಪ್ಪಕ್ಕೆ ಯಾವತ್ತೂ ಹೆಪ್ಪು ಅಂದವಳಲ್ಲ. ‘ಎಣ್ಣೆ ಹೆರೆಗಟ್ಟಿದ್ದು, ಒಲೆ ಬುಡಕ್ಕೆ ಇಡು’ ಅನ್ನುತ್ತಿದ್ದಳು. ಗಟ್ಟಿ ತುಪ್ಪ ಅಂದರೆ ಹೆರೆತುಪ್ಪ. ಹಾಲಿಗೆ ಮಾತ್ರ ಹೆಪ್ಪು. ರಕ್ತಕ್ಕೂ ಹೆಪ್ಪು. ಗಾಯದ ಮೇಲೆ ಕಪ್ಪಾಗಿ ನಿಂತ ರಕ್ತ ಮತ್ತೆ ಹರಿಯುವ ರಕ್ತ ಆಗುವುದಿಲ್ಲ, ಅಲ್ವಾ? ಅಂದರೆ ನಮ್ಮ ಹಿಂದಿನವರು ಎರಡು ಕೆಲಸಕ್ಕೆ ಎರಡು ಮಾತು ಇಟ್ಟುಕೊಂಡಿದ್ದರು. ಕಾವು ಕೊಟ್ಟರೆ ಮೊದಲಿನಂತಾಗುವುದು ಹೆರೆ. ಆಗದೇ ಇರುವುದು ಹೆಪ್ಪು.

ಒಳಗೆ ನಡೆಯುವುದೂ ಹಾಗೇ ಇದೆ. ಎಣ್ಣೆ ಹೆರೆಗಟ್ಟಿದಾಗ ಹೊಸದು ಏನೂ ಹುಟ್ಟುವುದಿಲ್ಲ. ಓಡಾಡಿಕೊಂಡಿದ್ದ ಅಣುಗಳು ಚಳಿಗೆ ಸಾಲಾಗಿ ನಿಲ್ಲುತ್ತವೆ, ಅಷ್ಟೇ. ಹಾಲಿನ ಕಥೆ ಬೇರೆ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಹಾಲಿನ ಸಕ್ಕರೆ ಇರುತ್ತದೆ, ಲ್ಯಾಕ್ಟೋಸ್. ಹೆಪ್ಪಿನ ಜೊತೆ ಹೋದ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದು ಪಾಲನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆಮ್ಲ ಹೆಚ್ಚಿದ ಹಾಗೆ ಹಾಲಿನ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) ಸುಮಾರು 6.6ರಿಂದ 4.6ರ ಹತ್ತಿರ ಇಳಿಯುತ್ತದೆ. ಆಗ ಕೇಸೀನ್ ಅನ್ನುವ ಪ್ರೋಟೀನ್ ಒಂದಕ್ಕೊಂದು ಅಂಟಿಕೊಂಡು ಬಲೆ ಹೆಣೆಯುತ್ತದೆ. ನೀರು ಆ ಬಲೆಯೊಳಗೆ ಸಿಕ್ಕಿಬೀಳುತ್ತದೆ. ಸಕ್ಕರೆ ಹೋಗಿ ಹುಳಿ ಬಂದಿದೆ, ಹೊಸ ವಸ್ತು ಹುಟ್ಟಿದೆ. ರಕ್ತದಲ್ಲೂ ಅಷ್ಟೇ. ಕರಗಿಕೊಂಡಿದ್ದ ಫೈಬ್ರಿನೋಜನ್ ಅನ್ನುವ ಪ್ರೋಟೀನ್ ರೂಪ ಬದಲಿಸಿ ಫೈಬ್ರಿನ್ ಅನ್ನುವ ಎಳೆಗಳಾಗುತ್ತದೆ, ಆ ಎಳೆಗಳ ಬಲೆಯಲ್ಲಿ ರಕ್ತಕಣ ಸಿಕ್ಕಿಕೊಳ್ಳುತ್ತವೆ. ಹಾಲಿನಲ್ಲೂ ರಕ್ತದಲ್ಲೂ ಬಲೆಯ ಕೆಲಸವೇ. ಒಂದೇ ಮಾತು ಬಳಸಿದ್ದು ಎಷ್ಟು ಸರಿಯಾಗಿ ಕೂತಿದೆ ನೋಡಿ. ನೀರಿನಲ್ಲಿ ಇಂಥದ್ದು ಯಾವುದೂ ನಡೆಯುವುದಿಲ್ಲ. ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾದದ್ದೂ ನೀರೇ, ಮತ್ತೆ ಹರಿದದ್ದೂ ನೀರೇ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಕ್ಕಳಿಗೆ ತಪ್ಪು ಹೇಳಿದ ಹಾಗಾಗುತ್ತದೆ. ಹಿಂದಿರುಗದ್ದೆಲ್ಲ ರಾಸಾಯನಿಕ ಬದಲಾವಣೆ ಅಲ್ಲ. ತೆಂಗಿನಕಾಯಿ ಹೆರೆದರೆ (ತುರಿದರೆ) ಮತ್ತೆ ಕಡಿ ಆಗುವುದಿಲ್ಲ. ಆದರೂ ಹೆರೆದದ್ದು ಕಾಯಿಯೇ, ಬೇರೆ ವಸ್ತು ಅಲ್ಲ. ಹೊಸದೊಂದು ಹುಟ್ಟಿತೇ ಇಲ್ಲವೇ ಅನ್ನುವುದೇ ನೋಡಬೇಕಾದದ್ದು. (ಕಾಯಿ ಹೆರೆಯುವ, ಹೆರೆಮಣೆಯ ‘ಹೆರೆ’ ಬೇರೆ, ತುಪ್ಪದ ‘ಹೆರೆ’ ಬೇರೆ. ನಮ್ಮ ಕಡೆ ಎರಡೂ ದಿನಬಳಕೆಯಲ್ಲಿ ಇವೆ.)

ಹಾಲಿನ ಇನ್ನೊಂದು ಮಾತು ಇಲ್ಲಿ ಬೇಕು. ಹಳೆಯ ಹಾಲನ್ನು ಕಾಯಿಸಿದರೆ ‘ಒಡೆಯಿತು’ ಅನ್ನುತ್ತೇವೆ. ನಿಂಬೆರಸ ಬಿದ್ದರೂ ಒಡೆಯುತ್ತದೆ. ವಿಜ್ಞಾನದ ಲೆಕ್ಕದಲ್ಲಿ ಅದು ಕೂಡ ಆಮ್ಲಕ್ಕೆ ಕೇಸೀನ್ ಅಂಟಿಕೊಳ್ಳುವ ಕೆಲಸವೇ. ಆದರೆ ಭಾಷೆ ಒಂದಕ್ಕೆ ‘ಕಟ್ಟಿತು’ ಅಂದಿತು, ಇನ್ನೊಂದಕ್ಕೆ ‘ಒಡೆಯಿತು’ ಅಂದಿತು. ಉಗುರುಬೆಚ್ಚಗೆ ನಿಧಾನ ನಡೆದರೆ ನೀರನ್ನೂ ಹಿಡಿದುಕೊಂಡು ಪಾತ್ರೆ ತುಂಬ ಕಟ್ಟುತ್ತದೆ. ಬಿಸಿಯಲ್ಲಿ ಅವಸರಕ್ಕೆ ನಡೆದರೆ ಗಂಟು ಒಂದು ಕಡೆ, ನೀರು ಒಂದು ಕಡೆ. ಕಣ್ಣಿಗೆ ಕಂಡದ್ದನ್ನು ಮಾತು ಬಿಡದೆ ಹಿಡಿದಿದೆ. ನನಗೆ ಇದು ತುಂಬ ಇಷ್ಟವಾಯಿತು.

‘ಕಟ್ಟು’ ಸೇರಿದ ಉಳಿದ ಮಾತುಗಳನ್ನೂ ಹುಡುಗನ ಜೊತೆ ಕೂತು ಹುಡುಕಿದೆ. ಕಾಯಿಸಿಟ್ಟ ಹಾಲು ಕೆನೆಗಟ್ಟುತ್ತದೆ. ಜೋನಿ ಬೆಲ್ಲ, ಅಂದರೆ ದ್ರವ ಬೆಲ್ಲ, ಜಾಸ್ತಿ ದಿನ ಇಟ್ಟರೆ ಡಬ್ಬಿಯ ತಳದಲ್ಲಿ ಹರಳುಗಟ್ಟುತ್ತದೆ. ಚಮಚ ಆಡಿಸಿದರೆ ಕರಕರ ಅನ್ನುತ್ತದೆ, ಮಕ್ಕಳಿಗೆ ಅದೇ ಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರದಲ್ಲಿ ಉಪ್ಪು ಹರಳುಗಟ್ಟುವುದೂ ಅದೇ ಜಾತಿಯದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇದೆ. ಒಂದು ಲೀಟರ್ ನೀರು ಸುಮಾರು 360 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಹಾಗಾಗಿ ನೀರು ಬಿಸಿಲಿಗೆ ಆರಿ ಹತ್ತರಲ್ಲಿ ಒಂದು ಪಾಲಿನಷ್ಟು ಆಗುವ ತನಕ ಹರಳು ಕಾಣುವುದಿಲ್ಲ. ಇಲ್ಲಿ ಚಳಿಯ ಕೆಲಸ ಇಲ್ಲ, ಬಿಸಿಲಿನದು. ಅದಕ್ಕೇ ಹೆರೆಯೂ ಅಲ್ಲ, ಹೆಪ್ಪೂ ಅಲ್ಲ, ಹರಳು.

ಇನ್ನು ನೀರಿಗೆ ಹೆಪ್ಪು ಬಂದದ್ದು ಹೇಗೆ? ಬಹುಶಃ ನಮ್ಮ ಊರುಗಳಲ್ಲಿ ನೀರು ಗಟ್ಟಿಯಾಗುವುದನ್ನು ನೋಡಿದವರೇ ಇರಲಿಲ್ಲ, ಹಾಗಾಗಿ ಅಡುಗೆಮನೆಯಿಂದ ಸಾಲ ತಂದರು. ಹಾಗೆ ತರುವಾಗ ಹತ್ತಿರದ ‘ಹೆರೆ’ ಬಿಟ್ಟು ದೂರದ ‘ಹೆಪ್ಪು’ ತಂದುಕೊಂಡೆವು. ನಮ್ಮ ಕಡೆ ತಾನಾಗಿ ಬೀಳುವ ಗಟ್ಟಿನೀರು ಅಂದರೆ ಬೇಸಿಗೆ ಮಳೆಯ ಆಲಿಕಲ್ಲು. ಅದಕ್ಕೆ ಹಿರಿಯರು ಕಲ್ಲು ಅಂದರು. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿಗೆ ಹಾಕುವುದಕ್ಕೆ ಐಸ್ ಅಂತಲೇ ಹೇಳುತ್ತಾರೆ, ಗಡ್ಡೆ ಒಡೆದು ಹಾಕುತ್ತಾರೆ. ಹೆಪ್ಪು ಅಲ್ಲೂ ಇಲ್ಲ.

ಕಾರವಾರದವರಿಗೆ ಮರಾಠಿ ಗೊತ್ತಿರುತ್ತದೆ. ಅಲ್ಲಿ ತುಪ್ಪಕ್ಕೆ ‘ಥಿಜಣೇ’, ಹಾಲಿಗೆ ಹಾಕುವ ಹೆಪ್ಪು ‘ವಿರಜಣ’. ಇಲ್ಲಿಯ ತನಕ ನಮ್ಮ ಹಾಗೇ ಬೇರೆ ಬೇರೆ. ಆದರೆ ನೀರಿಗೂ ರಕ್ತಕ್ಕೂ ‘ಗೋಠಣೇ’ ಒಂದೇ ಮಾತು. ನೀರು ಬಂದ ಕೂಡಲೇ ಅವರಲ್ಲೂ ಗೆರೆ ಅಳಿಸಿದೆ.

ಹಾಗಂತ ‘ನೀರು ಹೆರೆಗಟ್ಟಿತು’ ಅನ್ನೋಣ ಅಂದರೆ ನನ್ನ ಕಿವಿಗೇ ಒಗ್ಗುವುದಿಲ್ಲ. ಆ ಮಾತಿನಲ್ಲಿ ಜಿಡ್ಡು ಇದೆ. ಮುರುಗಲ (ಕೋಕಂ) ಬೀಜದ ತುಪ್ಪಕ್ಕೆ ಹೇಳಬಹುದು. ಅದು 40 ಡಿಗ್ರಿಯ ಆಸುಪಾಸಿನಲ್ಲಿ ಕರಗುವಂಥದ್ದು, ಬೇಸಿಗೆಯಲ್ಲೂ ಗಟ್ಟಿಯಾಗೇ ಇರುತ್ತದೆ. ನೀರಿಗೆ ಹೊಂದುವುದಿಲ್ಲ. ‘ಘನೀಕರಣ’ ಮಕ್ಕಳ ಬಾಯಿಗೆ ಭಾರ. ಮೇಲಾಗಿ ಆವಿ ನೀರಾಗುವುದಕ್ಕೂ ಅದೇ ಪದ ಬಳಸುವವರಿದ್ದಾರೆ, ಅದು ಇನ್ನೊಂದು ಗೊಂದಲ. ನನ್ನ ಮನಸ್ಸಿಗೆ ಬರುವುದು ‘ಗಡ್ಡೆಗಟ್ಟುವುದು’. ಮಂಜುಗಡ್ಡೆ ಹೇಗೂ ಇದೆ. ನೀರು ಗಡ್ಡೆಗಟ್ಟುತ್ತದೆ, ತುಪ್ಪ ಹೆರೆಗಟ್ಟುತ್ತದೆ, ಹಾಲು ಹೆಪ್ಪುಗಟ್ಟುತ್ತದೆ, ಜೋನಿ ಹರಳುಗಟ್ಟುತ್ತದೆ. ಹೀಗೆ ಹೇಳಿಕೊಟ್ಟರೆ ಆ ಹುಡುಗ ತಪ್ಪು ಮಾಡುತ್ತಲೇ ಇರಲಿಲ್ಲ.

‘ಕರಗು’ವಿನದೂ ಇಂಥದೇ ತೊಡಕು. ಬೆಣ್ಣೆ ಕಾವಿಗೆ ಕರಗುತ್ತದೆ, ಉಪ್ಪು ನೀರಿಗೆ ಕರಗುತ್ತದೆ. ಉಪ್ಪು ಬೆಣ್ಣೆಯ ಹಾಗೆ ಕರಗಬೇಕಾದರೆ 801 ಡಿಗ್ರಿ ಬೇಕು. ಎರಡಕ್ಕೂ ಒಂದೇ ಮಾತು. ಇದನ್ನು ಇನ್ನೊಂದು ಸಲ ಬರೆಯುತ್ತೇನೆ.

ಈಗ ನನ್ನ ಪ್ರಶ್ನೆಗಳು. ಹೆರೆ, ಹೆಪ್ಪು ಎರಡೂ ಒಂದೇ ಬೇರಿನವೇ? ಹಾಲು ಮೊದಲು ಪಾಲು ಆಗಿತ್ತಲ್ಲ, ಹಾಗೆ ಇವುಗಳ ಹಳಗನ್ನಡ ರೂಪ ಏನು, ಹಳೆಯ ಕಾವ್ಯದಲ್ಲಿ ಹಾಲು ಬಿಟ್ಟು ಬೇರೆ ಯಾವುದಕ್ಕೆ ಬಂದಿವೆ? ಅಂಕೋಲಾ, ಭಟ್ಕಳ, ಸಿದ್ದಾಪುರ, ಹಳಿಯಾಳದ ಮನೆಗಳಲ್ಲಿ ಗಟ್ಟಿಯಾದ ಎಣ್ಣೆಗೆ ಏನನ್ನುತ್ತಾರೆ? ಬಯಲುಸೀಮೆಯಲ್ಲಿ ಹೆರೆತುಪ್ಪ ಬಳಕೆಯಲ್ಲಿದೆಯೇ? ಮನೆಯಲ್ಲಿ ಹಿರಿಯರು ಇದ್ದರೆ ದಯವಿಟ್ಟು ಕೇಳಿ ಬರೆಯಿರಿ, ಅವರು ಹೇಳಿದ ಹಾಗೇ, ತಿದ್ದದೆ. ಶಾಲೆಯಲ್ಲಿ ಕಲಿಸುವವರು ಯಾರಾದರೂ ‘ಗಡ್ಡೆಗಟ್ಟು’ ಬಳಸಿ ನೋಡಿದ್ದರೆ ಅದನ್ನೂ ತಿಳಿಸಿ. ಹುಡುಗ ಎರಡು ಬಟ್ಟಲಿನ ಚಿತ್ರ ಬಿಡಿಸಿ ಟೀಚರಿಗೆ ತೋರಿಸಬೇಕು ಅಂತ ಇಟ್ಟುಕೊಂಡಿದ್ದಾನೆ. ಅದರ ಕೆಳಗೆ ಯಾವ ಪದ ಬರೆಯಲಿ ಅಂತ ದಿನಾ ಕೇಳುತ್ತಿದ್ದಾನೆ.